ಗೇಟ್ ಮುಚ್ಚುವುದರೊಳಗೆ: ಕ್ರೂಗರ್ ಕಾಡಿಗೆ ನಾವೇ ಹೋಗುವುದು

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಸಫಾರಿ ಲಾಡ್ಜ್‌ಗೆ ಟೂರ್ ಕಂಪನಿ ಹಿಡಿಯದೆ ನಾವೇ ಹೋಗಬಹುದಾ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಹೋಗಬಹುದು. ಆದರೆ ವಿಮಾನ ಇಳಿದವರೇ ನೇರವಾಗಿ ಲಾಡ್ಜ್‌ಗೆ ಹೋಗಬೇಡಿ. ಮೊದಲು ಮೂರ್ನಾಲ್ಕು ದಿನ ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕಿನಲ್ಲಿ ನಿಮ್ಮ ಕಾರು ನೀವೇ ಓಡಿಸಿ. ಕೊನೆಯ ಎರಡು ರಾತ್ರಿ ಲಾಡ್ಜ್‌ಗೆ ಇಟ್ಟುಕೊಳ್ಳಿ. ಯಾಕೆ ಇದೇ ಕ್ರಮ ಅನ್ನುವುದೇ ಇವತ್ತಿನ ಮಾತು.

ಆಫ್ರಿಕಾ ಖಂಡದ ದಕ್ಷಿಣ ಭಾಗ ಅಂದರೆ ಬೋಟ್ಸ್‌ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಎಲ್ಲ ಸೇರುತ್ತವೆ. ಬೋಟ್ಸ್‌ವಾನಾದ ಒಕವಾಂಗೊದಲ್ಲಿ ಹೆಚ್ಚಿನ ಲಾಡ್ಜ್‌ಗಳಿಗೆ ಮೌನ್ ಊರಿನಿಂದ ಪುಟ್ಟ ವಿಮಾನದಲ್ಲೇ ಹೋಗಬೇಕು. ಆ ವಿಮಾನಕ್ಕೆ ಮೆತ್ತನೆಯ ಚೀಲವೇ ಆಗಬೇಕು, ತೂಕಕ್ಕೂ ಮಿತಿ. ಚಂದದ ಜಾಗ, ಅನುಮಾನವಿಲ್ಲ. ಆದರೆ ಮೊದಲ ಸಲ ಹೋಗುವ ಕನ್ನಡದ ಕುಟುಂಬಕ್ಕೆ ನಾನು ಹೇಳುವುದು ದಕ್ಷಿಣ ಆಫ್ರಿಕಾದ ಕ್ರೂಗರ್. ರಸ್ತೆ ಚೆನ್ನಾಗಿದೆ, ಗಾಡಿ ಓಡಿಸುವುದು ನಮ್ಮ ಹಾಗೇ ಎಡಗಡೆ, ಖರ್ಚು ನಮ್ಮ ಹಿಡಿತದಲ್ಲಿರುತ್ತದೆ.

ಕ್ರೂಗರ್ ಎಷ್ಟು ದೊಡ್ಡದು? ಸುಮಾರು 19,500 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ 643. ಅಂದರೆ ಮೂವತ್ತು ನಾಗರಹೊಳೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಉದ್ದ. 1898ರಲ್ಲಿ ಸಾಬಿ ಅಭಯಾರಣ್ಯವಾಗಿ ಶುರುವಾಯಿತು. 1902ರಲ್ಲಿ ಜೇಮ್ಸ್ ಸ್ಟೀವನ್ಸನ್ ಹ್ಯಾಮಿಲ್ಟನ್ ಅದರ ಮೊದಲ ವಾರ್ಡನ್ ಆಗಿ ಬಂದ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಜನರಿಗೆ ತೆರೆದಾಗ ಒಳಗೆ ಬಂದದ್ದು ಮೂರೇ ಮೂರು ಕಾರು, ಪ್ರವೇಶ ಶುಲ್ಕ ಒಂದು ಪೌಂಡ್. ಸ್ವಂತ ಕಾರಿನಲ್ಲಿ ಕಾಡು ನೋಡುವ ಅಭ್ಯಾಸ ಅಲ್ಲಿ ಅಷ್ಟು ಹಳೆಯದು.

ನಮ್ಮಲ್ಲಿ ಹಾಗಿಲ್ಲ. ಕಬಿನಿಗೋ ಬಂಡೀಪುರಕ್ಕೋ ಹೋದರೆ ಅವರ ಜೀಪು, ಅವರ ಡ್ರೈವರು, ಅವರ ದಾರಿ. ಹುಲಿ ಕಂಡಿತು ಅಂತ ಸುದ್ದಿ ಬಂದರೆ ಎಲ್ಲ ಜೀಪು ಅಲ್ಲಿಗೇ. ಪಕ್ಕದಲ್ಲಿ ಕೂತವರಿಗೆ ಹಕ್ಕಿ ಬೇಡ, ನಿಮಗೆ ಬೇಕು ಅಂದರೆ ಏನೂ ಮಾಡುವ ಹಾಗಿಲ್ಲ. ಕ್ರೂಗರ್‌ನಲ್ಲಿ ಒಂದು ಕೆರೆ ಪಕ್ಕ ಎರಡು ಗಂಟೆ ಸುಮ್ನೆ ಕೂರಬಹುದು, ಯಾರೂ ಹೊರಡಿ ಅನ್ನುವುದಿಲ್ಲ. ಹಣ ಉಳಿಯುತ್ತದೆ ಅನ್ನುವುದು ಆಮೇಲಿನ ಮಾತು.

ಪಾರ್ಕಿನೊಳಗೆ ಉಳಿದುಕೊಳ್ಳುವ ಜಾಗಕ್ಕೆ ಕ್ಯಾಂಪ್ ಅನ್ನುತ್ತಾರೆ. ಲೋವರ್ ಸಾಬಿ ಕ್ಯಾಂಪಿನ ಹೊರಗೆ, ಒಂದು ಕಿಲೋಮೀಟರ್ ಕೂಡ ಇಲ್ಲ, ಸನ್‌ಸೆಟ್ ಡ್ಯಾಮ್ ಅಂತ ಒಂದು ಕೆರೆಯಿದೆ. ರಸ್ತೆ ನೀರಿನ ಅಂಚಿಗೇ ಬರುತ್ತದೆ. ಎಂಜಿನ್ ಆಫ್ ಮಾಡಿ ಕೂತರೆ ಮೊದಲ ಐದು ನಿಮಿಷ ಕಾಣುವುದು ಒಂದಷ್ಟು ಬೂದು ಬಂಡೆ. ಆಮೇಲೆ ಒಂದು ಬಂಡೆ ಕಿವಿ ಕೊಡವುತ್ತದೆ. ನೀರಾನೆ! ಅದರ ಬೆನ್ನ ಮೇಲೆ ಆಮೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಒಂದು ಬಕ ಅದೇ ಬೆನ್ನನ್ನು ಮೆಟ್ಟಿಲು ಮಾಡಿಕೊಂಡು ಮೀನಿಗೆ ಹೊಂಚು ಹಾಕುತ್ತದೆ. ದಂಡೆಯಲ್ಲಿ ಮರದ ತುಂಡು ಅಂದುಕೊಂಡದ್ದು ಬಾಯಿ ತೆರೆದುಕೊಂಡು ಬಿದ್ದ ಮೊಸಳೆ. ಇಂಪಾಲಾ ಜಿಂಕೆಗಳು ನೀರಿಗೆ ಬರುತ್ತವೆ, ಎರಡು ಹೆಜ್ಜೆ ಇಟ್ಟು ನಿಲ್ಲುತ್ತವೆ, ಹಿಂದೆ ಸರಿಯುತ್ತವೆ, ಮತ್ತೆ ಬರುತ್ತವೆ. ಈ ಅಳೆದು ಸುರಿಯುವಿಕೆ ಅರ್ಧ ಗಂಟೆ ನಡೆದರೂ ಮುಗಿಯುವುದಿಲ್ಲ. ಟೂರ್ ಗಾಡಿ ಇಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಫೋಟೊ ಹೊಡೆಯುತ್ತದೆ, ಹೋಗುತ್ತದೆ.

ಈಗ ವ್ಯವಹಾರಕ್ಕೆ ಬರೋಣ.

ಬೆಂಗಳೂರಿನಿಂದ ಜೋಹಾನ್ಸ್‌ಬರ್ಗಿಗೆ ಆಡಿಸ್ ಅಬಾಬ, ನೈರೋಬಿ, ದುಬೈ, ದೋಹಾ ಹೀಗೆ ಎಲ್ಲಾದರೂ ಇಳಿದು ಹತ್ತಿ ಹೋಗಬಹುದು. ಆಡಿಸ್ ಅಥವಾ ನೈರೋಬಿ ಮೂಲಕ ಹೋಗುವವರು ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡು ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಹಾಕಿಸಿಕೊಂಡ 10 ದಿನದ ನಂತರವೇ ಕಾರ್ಡು ಚಾಲ್ತಿಗೆ ಬರುವುದು. ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ವೀಸಾ ಮೊದಲೇ ಮಾಡಿಸಿಕೊಂಡಿರಬೇಕು. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸನ್ನೂ ಒಯ್ಯಿರಿ.

ಬಾಡಿಗೆ ಕಾರಿನ ಕೌಂಟರಿನಲ್ಲಿ ನಮ್ಮವರು ಸಿಕ್ಕಿಬೀಳುವುದು ಒಂದೇ ಕಡೆ. ಕಾರು ಯಾರ ಹೆಸರಲ್ಲಿ ಬುಕ್ ಆಗಿದೆಯೋ ಅವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು ಅನ್ನುತ್ತಾರೆ. ಮಗಳ ಕಾರ್ಡು, ಅಪ್ಪನ ಡ್ರೈವಿಂಗು ಅಂದರೆ ಕಷ್ಟ. ಡೆಪಾಸಿಟ್ ಅಂತ ದೊಡ್ಡ ಮೊತ್ತ ಬ್ಲಾಕ್ ಮಾಡುತ್ತಾರೆ, ಅಷ್ಟು ಲಿಮಿಟ್ ಇರಲಿ. ವಿದೇಶದ ಬಳಕೆ ಆನ್ ಮಾಡಿಸಿಕೊಂಡು ಹೋಗಿ. ಯಾವ ಕಾರು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕ್ರೂಗರ್‌ನ ಡಾಂಬರು ರಸ್ತೆಗೆ, ದೊಡ್ಡ ಮಣ್ಣು ರಸ್ತೆಗೆ ಸಾಮಾನ್ಯ ಕಾರು ಸಾಕು. ಎತ್ತರದ ಗಾಡಿ ಸಿಕ್ಕರೆ ಹುಲ್ಲಿನಾಚೆ ಕಾಣುತ್ತದೆ, ಅಷ್ಟೇ ಲಾಭ.

ಸಂಜೆ ಇಳಿದರೆ ವಿಮಾನ ನಿಲ್ದಾಣದ ಹತ್ತಿರವೇ ಮಲಗಿ. ರಾತ್ರಿ ಹೆದ್ದಾರಿ ಹಿಡಿಯಬೇಡಿ. ಬೆಳಿಗ್ಗೆ ಎನ್4 ರಸ್ತೆಯಲ್ಲಿ ಪೂರ್ವಕ್ಕೆ ಹೊರಟರೆ ಮಿಡಲ್‌ಬರ್ಗ್, ಎಂಬೊಂಬೆಲಾ ದಾಟಿ ಮಲೆಲೇನ್ ಗೇಟಿಗೆ ನಾಲ್ಕೂವರೆ ಐದು ಗಂಟೆ. ದಾರಿಯಲ್ಲಿ ಟೋಲ್‌ಗಳಿವೆ. ಪೆಟ್ರೋಲ್ ಬಂಕಿನಲ್ಲಿ ಹುಡುಗರೇ ಹಾಕಿ ಗ್ಲಾಸು ಒರೆಸುತ್ತಾರೆ, ಕೈಗೆ ನಾಲ್ಕು ಕಾಸು ಕೊಡುವುದು ಅಲ್ಲಿನ ವಾಡಿಕೆ. ನಿಲ್ಲಿಸಿದ ಕಾರಿನಲ್ಲಿ ಚೀಲ ಕಾಣುವ ಹಾಗೆ ಬಿಡಬೇಡಿ.

ಇನ್ನು ಗೇಟು. ಕ್ರೂಗರ್‌ನಲ್ಲಿ ನಿಮ್ಮ ಯಜಮಾನ ಅಂದರೆ ಇದೊಂದೇ. ಜೂನ್, ಜುಲೈಯಲ್ಲಿ ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಕ್ಯಾಂಪಿನ ಗೇಟು 4.30ಕ್ಕೇ ತೆರೆಯುತ್ತದೆ. ಸಂಜೆ ಮುಚ್ಚುವುದರೊಳಗೆ ಒಳಗಿರಬೇಕು, ತಡವಾದರೆ ದಂಡ. ವೇಗದ ಮಿತಿ ಡಾಂಬರಿನಲ್ಲಿ 50, ಮಣ್ಣಿನಲ್ಲಿ 40. ಸ್ಕುಕುಝಾ ಕ್ಯಾಂಪಿನಿಂದ ಸತಾರಾ ಕ್ಯಾಂಪಿಗೆ 93 ಕಿ.ಮೀ. ಫೋನು ಎರಡು ಗಂಟೆ ಅನ್ನುತ್ತದೆ. ಫೋನಿಗೆ ಆನೆ ಹಿಂಡು ಗೊತ್ತಿಲ್ಲ. ಗಂಟೆಗೆ 20, 25 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ, ಅರ್ಧ ದಿನ ತೆಗೆದಿಡಿ.

ಕಾರಿನಿಂದ ಇಳಿಯುವ ಹಾಗಿಲ್ಲ, ಕೈ ತಲೆ ಹೊರಗೆ ಹಾಕುವ ಹಾಗಿಲ್ಲ. ಅನುಮತಿ ಇರುವ ಪಿಕ್‌ನಿಕ್ ಜಾಗಗಳಲ್ಲಿ ಮಾತ್ರ ಇಳಿಯಬಹುದು. ಅವು ನಮ್ಮಂಥವರಿಗೆ ಹೇಳಿ ಮಾಡಿಸಿದ ಜಾಗ. ಸತಾರಾದ ಪೂರ್ವಕ್ಕಿರುವ ನ್ವಾನೆಟ್ಸಿಯಂಥ ಕಡೆ ಗ್ಯಾಸ್ ಸಮೇತ ಒಂದು ದೊಡ್ಡ ಅಗಲ ಬಾಣಲೆ ಬಾಡಿಗೆಗೆ ಕೊಡುತ್ತಾರೆ, ಸ್ಕಾಟಲ್ ಅಂತ ಹೆಸರು. ಪಕ್ಕದ ಮೇಜಿನವರು ಅದರಲ್ಲಿ ಮೊಟ್ಟೆ, ಮಾಂಸ ಹುರಿಯುವಾಗ ನಾವು ಉಪ್ಪಿಟ್ಟು ಮಾಡಬಹುದು. ಸಾಸಿವೆ ಸಿಡಿಯುವ ಸದ್ದಿಗೇ ಜನ ತಿರುಗಿ ನೋಡುತ್ತಾರೆ, ಒಂದು ಪ್ಲೇಟು ಜಾಸ್ತಿಯೇ ಮಾಡಿಕೊಳ್ಳಿ. ರವೆ, ಮಸಾಲೆ ಹೊತ್ತು ಹೋಗುವ ಅಗತ್ಯ ಇಲ್ಲ. 1860ರಿಂದ ಭಾರತೀಯರು ನೆಲೆಸಿರುವ ದೇಶ ಅದು. ಜೋಹಾನ್ಸ್‌ಬರ್ಗಿನ ಫೋರ್ಡ್ಸ್‌ಬರ್ಗ್ ಬಡಾವಣೆಯಲ್ಲಿ ಬೇಳೆಯಿಂದ ಹಿಡಿದು ಎಲ್ಲ ಸಿಗುತ್ತದೆ. ಅಲ್ಲಿಯ ಜನರ ದಿನದ ಊಟ ಪಾಪ್, ಬಿಳಿ ಜೋಳದ್ದಲ್ಲ, ಬಿಳಿ ಮೆಕ್ಕೆಜೋಳದ್ದು. ಗಟ್ಟಿಯಾಗಿ ಮಾಡಿದ್ದು ಥೇಟ್ ಮುದ್ದೆಯೇ. ಜೊತೆಗೆ ಟೊಮೆಟೊ, ಈರುಳ್ಳಿ, ಬೀನ್ಸ್ ಹಾಕಿದ ಖಾರದ ಚಕಲಕಾ. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು.

ಕ್ಯಾಂಪುಗಳಲ್ಲಿ ಹುಲ್ಲಿನ ಸೂರಿನ ದುಂಡು ಗುಡಿಸಲುಗಳಿವೆ. ಹಲವು ಕಡೆ ಫ್ರಿಜ್ಜು ಜಗಲಿಯಲ್ಲಿರುತ್ತದೆ, ಅದಕ್ಕೊಂದು ಚಿಲಕ ಇರುತ್ತದೆ. ಆ ಚಿಲಕ ಕಳ್ಳರಿಗಲ್ಲ, ಕೋತಿಗಳಿಗೆ. ಹಾಕಲು ಮರೆತರೆ ಬಬೂನ್ ಬಂದು ಹಾಲು, ಹಣ್ಣು ಎಲ್ಲ ಖಾಲಿ ಮಾಡಿ ಹೋಗುತ್ತದೆ.

ಆನೆ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ನಮಗೆ ಆನೆ ಗೊತ್ತು ಅನ್ನುವ ಧೈರ್ಯವೇ ಅಲ್ಲಿ ತೊಂದರೆ ಕೊಡಬಹುದು. ನಮ್ಮ ಕಾಡಿನಲ್ಲಿ ಕಪೋಲದಿಂದ ಒಸರು ಇಳಿದಿದ್ದರೆ ಗಂಡಾನೆಗೆ ಮದ ಬಂದಿದೆ ಅಂತ ಲೆಕ್ಕ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿದೆ, ಹೆಣ್ಣಿಗೂ ಕಪೋಲ ಒಸರುತ್ತದೆ. ಗಾಬರಿಯಾದರೂ, ಖುಷಿಯಾದರೂ ಒಸರುತ್ತದೆ. ಹಾಗಾಗಿ ಕೆನ್ನೆ ಒಂದನ್ನೇ ನೋಡಿದರೆ ಸಾಲದು. ಒಂಟಿ ಸಲಗ ಬಂದರೆ ಹಿಂಗಾಲು ನೋಡಿ. ಮೂತ್ರ ತೊಟ್ಟಿಕ್ಕಿ ಕಾಲಿನ ಒಳಭಾಗ ಒದ್ದೆಯಾಗಿದ್ದರೆ ಮದ ಬಂದಿದೆ ಅಂತಲೇ ತಿಳಿಯಿರಿ. ಕೂಡಲೇ ನಿಧಾನಕ್ಕೆ ರಿವರ್ಸ್ ತೆಗೆದು ದೂರ ಹೋಗಿ. ಹಾರನ್ ಬೇಡ, ಎಂಜಿನ್ ರೇಸ್ ಮಾಡುವುದು ಬೇಡ. ಹಿಂಡು ರಸ್ತೆ ದಾಟುವಾಗ ಮಧ್ಯೆ ಜಾಗ ಸಿಕ್ಕಿತು ಅಂತ ನುಗ್ಗಬೇಡಿ. ಮರಿ ಯಾವ ಕಡೆ ಉಳಿದಿದೆ ಅಂತ ನಿಮಗೆ ಗೊತ್ತಿರುವುದಿಲ್ಲ.

ಮೂರು ದಿನ ಹೀಗೆ ಓಡಾಡುವಾಗ ನಿಮ್ಮ ಕಣ್ಣು ಪಳಗುತ್ತದೆ. ನಾಗರಹೊಳೆಯಲ್ಲಿ ಮುಸುವನ ಕೂಗು ಕೇಳಿ ಗೊತ್ತಿದ್ದವರು ಇಲ್ಲಿ ಬಬೂನ್ ಬೊಗಳುವುದನ್ನು, ಇಂಪಾಲಾ ಮೂಗಿನಿಂದ ಬುಸ್ ಅನ್ನುವುದನ್ನು ಬೇಗ ಹಿಡಿಯುತ್ತಾರೆ. ಇಲ್ಲೇ ಎಲ್ಲೋ ಚಿರತೆ ಇದೆ ಅಂತ ಗೊತ್ತಾಗುತ್ತದೆ. ಆದರೆ ಕಾಣುವುದಿಲ್ಲ! ರಸ್ತೆ ಬಿಟ್ಟು ಇಳಿಯುವ ಹಾಗೂ ಇಲ್ಲ. ಈ ಚಡಪಡಿಕೆ ಅನುಭವಿಸಿದ ಮೇಲೇ ಲಾಡ್ಜ್‌ಗೆ ಹೋಗಬೇಕು.

ಕ್ರೂಗರ್‌ನ ಪಶ್ಚಿಮಕ್ಕೆ ಸಾಬಿ ಸ್ಯಾಂಡ್, ಟಿಂಬಾವಟಿ ಅಂತ ಖಾಸಗಿ ಕಾಡುಗಳಿವೆ. ಸಾಬಿ ಸ್ಯಾಂಡ್‌ಗೂ ಕ್ರೂಗರ್‌ಗೂ ನಡುವಿದ್ದ ಬೇಲಿಯನ್ನು 1993ರಲ್ಲಿ ತೆಗೆದರು. ಹಾಗಾಗಿ ಪ್ರಾಣಿಗಳಿಗೆ ಎರಡೂ ಒಂದೇ. ಹೇಜಿವ್ಯೂದಿಂದ ಬರುವ ರಸ್ತೆಯಲ್ಲಿ ಮಣ್ಣು ದಾರಿಗೆ ತಿರುಗಿ ಅವರ ಗೇಟಿಗೆ ಹೋಗಬಹುದು. ಅಲ್ಲಿ ಗಾಡಿಗೆ ಬೇರೆ ಶುಲ್ಕ. ಒಳಗೆ ನಿಮ್ಮ ಕಾರಿಗೆ ಇರುವ ಹಕ್ಕು ಇಷ್ಟೇ: ನೇರ ಲಾಡ್ಜ್‌ಗೆ ಹೋಗುವುದು, ಬಿಡುವ ದಿನ ನೇರ ವಾಪಸು ಬರುವುದು. ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿ. ಮೂರೂವರೆ ನಾಲ್ಕಕ್ಕೆ ಸಂಜೆಯ ಸಫಾರಿ ಹೊರಡುತ್ತದೆ, ನಿಮಗಾಗಿ ಕಾಯುವುದಿಲ್ಲ. ಎರಡು ರಾತ್ರಿಯ ನಾಲ್ಕು ಸಫಾರಿಯಲ್ಲಿ ಒಂದು ತಪ್ಪಿದರೆ ನೀವು ಕೊಟ್ಟ ದುಡ್ಡಿನ ಕಾಲು ಭಾಗ ಅಲ್ಲೇ ಹೋಯಿತು ಅಂತ ತಿಳಿಯಿರಿ.

ತೆರೆದ ಗಾಡಿ. ಬಾನೆಟ್ಟಿನ ಎಡ ಮೂಲೆಯಲ್ಲಿ ಒಂದು ಪುಟ್ಟ ಕುರ್ಚಿ, ಅದರ ಮೇಲೆ ಟ್ರ್ಯಾಕರ್. ಹೆಚ್ಚಾಗಿ ಅದೇ ನೆಲದ ಶಾಂಗಾನ್ ಜನ. ಮಾತು ಕಮ್ಮಿ. ಅಂಗೈ ಎತ್ತಿದರೆ ಗಾಡಿ ನಿಲ್ಲುತ್ತದೆ. ಇಳಿದು ಮರಳು ನೋಡುತ್ತಾನೆ. ಬೆಳಿಗ್ಗೆ ಇದೇ ಗಾಡಿ ಹೋದ ಟೈರಿನ ಗುರುತಿನ ಮೇಲೆ ಚಿರತೆಯ ಹೆಜ್ಜೆ ಬಿದ್ದಿದೆ. ಅಂದರೆ ನಾವು ಹೋದ ಮೇಲೆ ಬಂದಿದೆ. ಹೆಜ್ಜೆಯ ಅಂಚು ಇನ್ನೂ ಚೂಪಾಗಿದೆ, ಗಾಳಿಗೆ ಉದುರಿಲ್ಲ. ಅಂದರೆ ತುಂಬಾ ಹೊತ್ತಾಗಿಲ್ಲ. ಅವನು ಕೈ ತೋರಿಸಿದ ಕಡೆ ಗೈಡು ರಸ್ತೆ ಬಿಟ್ಟು ಪೊದೆಯೊಳಗೆ ಗಾಡಿ ನುಗ್ಗಿಸುತ್ತಾನೆ. ಹಿಂದಿನ ಮೂರು ದಿನ ನಿಮಗೆ ಸಿಗದ ಎರಡು ಸಂಗತಿ ಇಲ್ಲಿವೆ: ಈ ಮನುಷ್ಯನ ಕಣ್ಣು, ರಸ್ತೆ ಬಿಡುವ ಅನುಮತಿ. ಲಾಡ್ಜಿನ ಮೆತ್ತನೆ ಹಾಸಿಗೆ, ಈಜುಕೊಳಕ್ಕೆ ನಾನಾದರೆ ಅಷ್ಟು ದುಡ್ಡು ಕೊಡುವುದಿಲ್ಲ. ಈ ಎರಡಕ್ಕೆ ಕೊಡುತ್ತೇನೆ. ನೇರ ಲಾಡ್ಜ್‌ಗೆ ಬಂದವರು ಎರಡು ದಿನದಲ್ಲಿ ಚಿರತೆ, ಸಿಂಹ ಎಲ್ಲ ನೋಡಿ, ಕಾಡು ಅಂದರೆ ಹೀಗೇ ಅಂದುಕೊಂಡು ಹೋಗುತ್ತಾರೆ. ಕುರ್ಚಿ ಮೇಲಿನವನು ಏನು ಮಾಡಿದ ಅಂತಲೇ ಅವರಿಗೆ ಗೊತ್ತಾಗುವುದಿಲ್ಲ. ಟಿಪ್ಸ್ ಕೊಡುವಾಗ ಗೈಡಿಗೆ ಬೇರೆ, ಟ್ರ್ಯಾಕರ್‌ಗೆ ಬೇರೆ ಕೊಡಿ.

ಕೆಲವು ಚಿಲ್ಲರೆ ವಿಷಯ. ಲಾಡ್ಜ್ ದರ ನೋಡುವಾಗ ಅದು ಕೋಣೆಗೋ ತಲೆಗೋ ಅಂತ ಕೇಳಿ. ಸಾಮಾನ್ಯವಾಗಿ ತಲೆಗೆ, ಅದೂ ಇಬ್ಬರು ಒಂದು ಕೋಣೆಯಲ್ಲಿದ್ದರೆ. ಒಬ್ಬರೇ ಹೋದರೆ ಹೆಚ್ಚು ಕೇಳುತ್ತಾರೆ. ಸಣ್ಣ ಮಕ್ಕಳನ್ನು ಸಫಾರಿ ಗಾಡಿಗೆ ಹತ್ತಿಸದ ಲಾಡ್ಜ್‌ಗಳು ಎಷ್ಟೋ ಇವೆ, ಬುಕ್ ಮಾಡುವ ಮೊದಲೇ ವಯಸ್ಸು ಹೇಳಿ. ವೆಜಿಟೇರಿಯನ್ ಅಂತ ಮಾತ್ರ ಬರೆದರೆ ತಟ್ಟೆಗೆ ಮೊಟ್ಟೆ ಬರುತ್ತದೆ, ಕೆಲವೊಮ್ಮೆ ಮೀನೂ ಬರುತ್ತದೆ. ಬೇಡದ್ದನ್ನು ಒಂದೊಂದಾಗಿ ಬರೆಯಿರಿ. ಬೇಲಿ ಇಲ್ಲದ ಲಾಡ್ಜ್‌ಗಳಲ್ಲಿ ಕತ್ತಲಾದ ಮೇಲೆ ಕೋಣೆಗೆ ಹೋಗಲು ಕಾವಲಿನವರು ಜೊತೆಗೆ ಬರುತ್ತಾರೆ. ಹತ್ತೇ ಹೆಜ್ಜೆ ಅಲ್ವಾ ಅಂತ ಒಬ್ಬರೇ ಹೊರಡಬೇಡಿ.

ಯಾವಾಗ ಹೋಗಬೇಕು? ಮೇಯಿಂದ ಸೆಪ್ಟೆಂಬರ್. ಮಳೆ ಇಲ್ಲ, ಹುಲ್ಲು ಒಣಗಿರುತ್ತದೆ, ಪ್ರಾಣಿಗಳು ನೀರಿಗೆ ಬರಲೇಬೇಕು. ನಮ್ಮ ಮಕ್ಕಳ ಬೇಸಿಗೆ ರಜೆಯ ಕೊನೆಗೆ ಸರಿಹೊಂದುತ್ತದೆ. ಆಗ ಅಲ್ಲಿ ಚಳಿಗಾಲ. ತೆರೆದ ಗಾಡಿಯಲ್ಲಿ ಬೆಳಗಿನ ಗಾಳಿ ಮುಖ ಕೊಯ್ಯುತ್ತದೆ. ಉಣ್ಣೆ ಟೋಪಿ, ಗ್ಲೌಸ್ ಇರಲಿ. ಡಿಸೆಂಬರ್‌ನಲ್ಲಿ ಕಾಡು ಹಸಿರಾಗಿ ಚಂದ, ಆದರೆ ಅವರ ಶಾಲೆಗಳಿಗೂ ರಜೆ, ಕ್ಯಾಂಪು ತುಂಬಿರುತ್ತದೆ.

ಮಲೇರಿಯಾ ಚಳಿಗಾಲದಲ್ಲಿ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ. ಹೊರಡುವ ಮೊದಲು ಡಾಕ್ಟರ್ ಕೇಳಿ ಮಾತ್ರೆ ತೆಗೆದುಕೊಳ್ಳಿ, ಸಂಜೆ ತುಂಬುತೋಳಿನ ಬಟ್ಟೆ ಹಾಕಿ. ವಾಪಸು ಬಂದು ಕೆಲವು ವಾರದಲ್ಲಿ ಜ್ವರ ಬಂದರೆ ಕ್ರೂಗರ್‌ಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.

ಲಾಡ್ಜ್ ಬಿಡುವ ದಿನವೇ ರಾತ್ರಿ ವಿಮಾನ ಇಟ್ಟುಕೊಂಡವರು ಬೆಳಗಿನ ಸಫಾರಿ ಮುಗಿಸಿ, ತಿಂಡಿ ತಿಂದು, ಹತ್ತು ಗಂಟೆಗೆಲ್ಲ ಹೊರಟುಬಿಡಿ. ಜೋಹಾನ್ಸ್‌ಬರ್ಗಿಗೆ ಆರು ಗಂಟೆ ಅಂತ ಲೆಕ್ಕ ಹಾಕಿ, ಕಾರು ವಾಪಸು ಕೊಡಲು ಇನ್ನೊಂದು ಗಂಟೆ ಸೇರಿಸಿ. ಕ್ರೂಗರ್‌ನ ನಕ್ಷೆ ಇಲ್ಲೇ ಮೇಜಿನ ಮೇಲೆ ಹರಡಿದ್ದೇನೆ. ಯಾವ ಗೇಟಿನಿಂದ ಯಾವ ಕ್ಯಾಂಪಿಗೆ ಎಷ್ಟು ಹೊತ್ತು ಅಂತ ನೋಡಬೇಕಾದವರು ಮುಂದೆ ಬನ್ನಿ.