ಯಾವ ಹೂವಿನ ಜೇನು?

ಪುಣೆಯ ಕನ್ನಡ ಬಂಧುಗಳಿಗೆಲ್ಲ ನಮಸ್ಕಾರ.

ಇವತ್ತು ನಿಮಗೆ ಒಂದೇ ಒಂದು ಪ್ರಶ್ನೆ ಕಲಿಸಿ ಹೋಗುತ್ತೇನೆ. ಮುಂದಿನ ಸಲ ಜೇನುತುಪ್ಪ ಕೊಳ್ಳುವಾಗ ಮಾರುವವರನ್ನು ಕೇಳಿ: ಇದು ಯಾವ ಹೂವಿನದು? ಶುದ್ಧವೋ ಅಲ್ಲವೋ ಎಂದು ಮಾತ್ರ ಕೇಳಬೇಡಿ. ನಂದು ಶುದ್ಧ ಅಲ್ಲ ಎನ್ನುವ ಅಂಗಡಿಯವನು ಎಲ್ಲಿದ್ದಾನೆ ಹೇಳಿ?

ಇದೇ ಪ್ರಶ್ನೆ ಯಾಕೆ? ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನುಹುಳ ಬಹಳ ದೂರ ಹೋಗುವುದಿಲ್ಲ. ಸುತ್ತಮುತ್ತ ಒಂದು, ಒಂದೂವರೆ ಕಿಲೋಮೀಟರಿನೊಳಗೆ ಅದರ ಸಂಸಾರ. ಅಷ್ಟರಲ್ಲಿ ಏನು ಅರಳಿದೆಯೋ ಅದೇ ಗೂಡಿನ ಎರಿಗೆ ಬರುತ್ತದೆ, ಅದೇ ಬಾಟಲಿಗೆ ಬರುತ್ತದೆ. ಸಾಕುವವನಿಗೆ ಅದು ಗೊತ್ತಿರಲೇಬೇಕು. ಗೊತ್ತಿಲ್ಲ ಎಂದರೆ ಆ ಜೇನು ಅವನ ಪೆಟ್ಟಿಗೆಯದಲ್ಲ, ಎಲ್ಲಿಂದಲೋ ಡಬ್ಬದಲ್ಲಿ ಬಂದದ್ದು. ಇಷ್ಟು ಸರಳ.

ನೀವೆಲ್ಲ ಮಹಾಬಳೇಶ್ವರಕ್ಕೆ ಹೋಗಿಯೇ ಇರುತ್ತೀರಿ. ವಾಯಿ ದಾಟಿ, ಪಸರಣಿ ಘಾಟ್ ಹತ್ತಿ, ಪಂಚಗಣಿಯಲ್ಲಿ ಒಂದು ಚಹಾ ಕುಡಿದು. ಅಲ್ಲಿ ಏನು ಮಾಡುತ್ತೀರಿ? ಸ್ಟ್ರಾಬೆರಿ ಕ್ರೀಮ್ ತಿನ್ನುತ್ತೀರಿ, ಬರುವಾಗ ಒಂದು ಬಾಟಲಿ ಜೇನು ತರುತ್ತೀರಿ. ತಂದ ಜೇನು ಯಾವುದು ಎಂದರೆ 'ಮಹಾಬಳೇಶ್ವರದ್ದು' ಎನ್ನುತ್ತೀರಿ. ಅದು ಊರಿನ ಹೆಸರಾಯಿತು. ಹೂವು?

ಆ ಬೆಟ್ಟದ ಜೇನು ಸಾಕಣೆ ನಿಂತಿರುವುದೇ ಕಾಡಿನ ಮರಗಳ ಮೇಲೆ. ಬೇಸಿಗೆಯ ಮೊದಲಿಗೆ ಜಾಂಭೂಳ್, ಅಂದರೆ ನಮ್ಮ ನೇರಳೆ, ಹೂ ಬಿಡುತ್ತದೆ. ನೇರಳೆಯ ಜೇನು ಬಣ್ಣದಲ್ಲಿ ಗಾಢ, ನಾಲಿಗೆಯ ತುದಿಗೆ ಒಂದು ಚೂರು ಒಗರು. ಹಿರಡಾ ಎನ್ನುವುದು ನಮ್ಮ ಅಳಲೆಕಾಯಿ ಮರ, ಅದರ ಜೇನೇ ಬೇರೆ. ಇನ್ನು ಕಾರ್ವಿ. ಮಲೆನಾಡಿನವರಿಗೆ ಗುರಿಗೆ ಎಂದರೆ ಅರ್ಥವಾಗುತ್ತದೆ, ಅದೇ ಬಳಗದ ಗಿಡ. ಇದು ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ಅರಳಿ, ಬೀಜ ಉದುರಿಸಿ ಸಾಯುತ್ತದೆ. ಮುಂಬೈಯಲ್ಲಿರುವವರು ಸಂಜಯ್ ಗಾಂಧಿ ಉದ್ಯಾನದಲ್ಲಿ 2016ರಲ್ಲಿ ನೋಡಿರುತ್ತೀರಿ, ಮತ್ತೆ 2024ರಲ್ಲಿ. ಕಾರ್ವಿ ಜೇನು ಪ್ರತಿ ವರ್ಷ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಮಹಾಬಳೇಶ್ವರದ ಹತ್ತಿರ ಮಾಂಘರ್ ಎಂಬ ಪುಟ್ಟ ಹಳ್ಳಿ ಇದೆ. ಬಹುತೇಕ ಮನೆಗಳಲ್ಲಿ ಜೇನುಪೆಟ್ಟಿಗೆ. 2022ರಲ್ಲಿ ಅದನ್ನು 'ಮಧಾಚೆ ಗಾವ್', ಜೇನಿನ ಹಳ್ಳಿ ಎಂದು ಘೋಷಿಸಿದರು. ದೇಶದಲ್ಲೇ ಅಂಥ ಮೊದಲ ಊರು. ನಮ್ಮ ತುಡುವೆಯನ್ನು ಅಲ್ಲಿಯವರು ಸಾತೇರಿ ಎನ್ನುತ್ತಾರೆ. ಅಲ್ಲಿ ಹೋಗಿ ಯಾವ ಹೂವು ಎಂದು ಕೇಳಿ ನೋಡಿ. ಉತ್ತರಕ್ಕೆ ತಡಕಾಡುವುದಿಲ್ಲ, ಕೈ ಹಿಡಿದು ಮರದ ಹತ್ತಿರವೇ ಕರೆದುಕೊಂಡು ಹೋಗುತ್ತಾರೆ.

ಈಗ ಒಂದು ಕಥೆ ಹೇಳಲೇಬೇಕು. ನಾನು ಶಿರಸಿ ಕಡೆಯವನು, ಇರುವುದು ಕೋಥ್ರೂಡಿನಲ್ಲಿ. ನಮ್ಮ ಕೆಳಗಿನ ಮನೆಯವರು ವಿಜಯಪುರ ಜಿಲ್ಲೆಯವರು. ಆ ಮನೆಯ ವೈನಿಗೆ, ಅಂದರೆ ಅತ್ತಿಗೆಗೆ, ಒಮ್ಮೆ ಒಂದು ಬಾಟಲಿ ಜೇನು ಕೊಟ್ಟಿದ್ದೆ. ಪರಿಚಯದ ಸಾಕಣೆಗಾರನೊಬ್ಬ ತುಂಬಿ ಕೊಟ್ಟದ್ದು. ಡಿಸೆಂಬರ್ ಬಂತು, ಪುಣೆಯ ಚಳಿ ಬಿತ್ತು. ಒಂದು ರಾತ್ರಿ ಊಟಕ್ಕೆ ಕೂತಿದ್ದೇನೆ, ವೈನಿಯ ಫೋನು. "ಏನ್ರೀ, ಇದು ಜೇನಲ್ರಿ, ಸಕ್ರಿ ಅದ. ಚಮಚಾ ಸುದ್ದಾ ಇಳೀವಲ್ದು!"

ಕೈ ತೊಳೆದು ಇಳಿದು ಹೋದೆ. ಅಡುಗೆಕಟ್ಟೆಯ ಮೇಲೆ ಪಂಚಾಯ್ತಿ ನಡೆದಿತ್ತು. ಕಾಕಾ ಒಂದು ಲೋಟ ನೀರಿಗೆ ಜೇನು ಹಾಕಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಅವರ ಅಣ್ಣನ ಮಗ ಫೋನಿನಲ್ಲಿ ವಿಡಿಯೊ ನೋಡಿಕೊಂಡು ಬೆಂಕಿಕಡ್ಡಿಗೆ ಜೇನು ಹಚ್ಚಿ ಗೀರುತ್ತಿದ್ದಾನೆ. ಬಾಟಲಿಯಲ್ಲಿ ಜೇನು ಬೆಣ್ಣೆಯಂತೆ ಗಟ್ಟಿ. ವೈನಿ ಅದನ್ನು ಚೊಂಬಿಗೆ ಸುರಿದು ಗ್ಯಾಸಿನ ಮೇಲೆ ಇಡಲು ಹೊರಟಿದ್ದರು. ಅದನ್ನು ತಡೆದದ್ದೇ ನನ್ನ ದೊಡ್ಡ ಸಾಧನೆ.

"ವೈನಿ, ಯಾವ ಹೂವಿಂದು ಅಂತ ಕೇಳ್ರಿ ಮೊದಲು" ಎಂದೆ. "ಯಾವುದ್ರಿ ಮತ್ತ?" "ಸೂರ್ಯಕಾಂತಿ. ನೀವು ಸೂರ್ಯಪಾನ ಅಂತೀರಲ್ಲ, ಅದು."

ವೈನಿ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ಸೂರ್ಯಪಾನದಾಗ ಜೇನ ಬರ್ತದೇನ್ರಿ? ನಮ್ಮ ತವರಮನಿ ಹೊಲದಾಗ ಎಕರೆಗಟ್ಲೆ ಹಾಕ್ತಿದ್ರು!" ಎಂದರು. ಬರುತ್ತದೆ ವೈನಿ, ಸೋಲಾಪುರ, ವಿಜಯಪುರದ ಹೊಲಗಳಿಗೆ ಜನ ಪೆಟ್ಟಿಗೆ ಹೇರಿಕೊಂಡು ಲಾರಿಯಲ್ಲಿ ರಾತ್ರೋರಾತ್ರಿ ಹೋಗುತ್ತಾರೆ ಎಂದೆ. ಜೇನಿನಲ್ಲಿ ಗ್ಲೂಕೋಸ್ ಜಾಸ್ತಿ ಇದ್ದರೆ ಚಳಿಗೆ ಬೇಗ ಹರಳುಗಟ್ಟುತ್ತದೆ, ಸೂರ್ಯಕಾಂತಿಯದು ಅದರಲ್ಲಿ ಎತ್ತಿದ ಕೈ, ಕೆಟ್ಟದ್ದಲ್ಲ ಎಂದೆ. ಅವರಿಗೆ ಗ್ಲೂಕೋಸಿನ ಮಾತು ಬೇಕಿರಲಿಲ್ಲ. ಅವರ ತಂದೆ ಪ್ರತಿ ವರ್ಷ ಕಾಳು ಜೊಳ್ಳು, ಕಾಳು ಜೊಳ್ಳು ಎಂದು ಗೊಣಗುತ್ತಿದ್ದದ್ದು ನೆನಪಾಯಿತು. ಹುಳ ಬರದ ಹೂವಿನಲ್ಲಿ ಕಾಳು ತುಂಬುವುದಿಲ್ಲ, ಹೂವಿರುವಾಗ ಔಷಧ ಹೊಡೆದರೆ ಹುಳ ಸಾಯುತ್ತದೆ ಎಂದು ಹೇಳಿದ್ದೇ ತಡ, ಅಲ್ಲೇ ನಿಂತು ಊರಲ್ಲಿರುವ ತಮ್ಮನಿಗೆ ಫೋನು! "ಏ ತಮ್ಮಾ, ಹೊಲದಾಗ ಜೇನಪೆಟ್ಟಿಗಿ ಇಡಸು." ಅವನು ಪಾಪ ನಿದ್ದೆಗಣ್ಣಲ್ಲಿ ಹೂಂ ಎಂದಿರಬೇಕು.

ಅಷ್ಟರಲ್ಲಿ ನಾನು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟಿದ್ದೆ. ಕೈ ಸಹಿಸುವಷ್ಟು ಬಿಸಿ, ಅದಕ್ಕಿಂತ ಜಾಸ್ತಿ ಬೇಡ. ಕುದಿಸಿದರೆ ಪರಿಮಳ ಹೋಗುತ್ತದೆ, ಕಿಣ್ವಗಳೂ ಹೋಗುತ್ತವೆ. ನಿಧಾನವಾಗಿ ಜೇನು ಕರಗಿತು. ವೈನಿಯ ಸಿಟ್ಟು ಮಾತ್ರ ಕರಗಲಿಲ್ಲ, ಬಾಟಲಿ ತುಂಬಿದವನ ಕಡೆಗೆ ತಿರುಗಿತು. "ಬಾಟ್ಲಿ ಮ್ಯಾಲ ಸೂರ್ಯಪಾನ ಅಂತ ಬರದಿದ್ರ ಅವಂದೇನ ಹೋಗ್ತಿತ್ತು?"

ಅದೇ ನಾನು ಹೇಳುತ್ತಿರುವುದು! ಬಾಟಲಿಯ ಮೇಲೆ ಹೂವಿನ ಹೆಸರು ಬರೆಯಲಿ. ಬರೆದಿಲ್ಲವೋ, ನೀವು ಕೇಳಿ.

ನೀರಿಗೆ ಹಾಕುವುದು, ಬೆಂಕಿ ಹಚ್ಚುವುದು, ನಾಯಿ ನೆಕ್ಕುತ್ತದೋ ಇಲ್ಲವೋ ನೋಡುವುದು, ಇವೆಲ್ಲ ದಯವಿಟ್ಟು ಬಿಡಿ. ಅಕ್ಕಿಯಿಂದ ಮಾಡಿದ ಸಿರಪ್ ಈ ಪರೀಕ್ಷೆಗಳಲ್ಲಿ ಆರಾಮವಾಗಿ ಪಾಸಾಗುತ್ತದೆ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ನಿಮ್ಮ ಕೈಲಿರುವುದು ಬಾಯಿ ಒಂದೇ. ಅದರಿಂದ ಪ್ರಶ್ನೆ ಕೇಳಿ.

ವೈನಿಯ ಕಥೆಯೇ ಅರ್ಧ ಹೊತ್ತು ತಿಂದಿತು. ನಮ್ಮ ಕರ್ನಾಟಕದ ಮಾತು ಹೇಳಬೇಕೆಂದಿದ್ದೆ. ವಿರಾಜಪೇಟೆಯಲ್ಲಿ ಜೇನು ಸಾಕುವವರ ಸಹಕಾರ ಸಂಘ ಶುರುವಾದದ್ದು 1936ರಲ್ಲಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ತುಡುವೆ ಕುಟುಂಬಗಳು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾದವು. ಮತ್ತೆ ಕಟ್ಟಲು ವರ್ಷಗಳೇ ಹಿಡಿದವು. ಪುತ್ತೂರು, ಸುಳ್ಯದ ಕಡೆ ಈ ಪ್ರಶ್ನೆ ಕೇಳಿದರೆ ತಮಾಷೆಯ ಉತ್ತರ ಸಿಗುತ್ತದೆ: ಹೂವಿನದಲ್ಲ, ಎಲೆಯದು. ರಬ್ಬರ್ ಗಿಡದ ಚಿಗುರೆಲೆಯ ಬುಡದಲ್ಲಿ ಸಿಹಿ ಒಸರುತ್ತದೆ, ಹುಳ ಅದನ್ನೇ ತರುತ್ತದೆ. ನಿಜ ಹೇಳುವವರು ಹೀಗೆ ಹೇಳುತ್ತಾರೆ, ನೋಡಿ.

ಕಲಿಯುವ ಆಸೆ ಇದ್ದವರು ದೂರ ಹೋಗಬೇಕಿಲ್ಲ. ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ನಮ್ಮ ಪುಣೆಯಲ್ಲೇ ಇದೆ, ಗಣೇಶಖಿಂಡ್ ರಸ್ತೆಯಲ್ಲಿ. ನಿಮ್ಮಲ್ಲಿ ಅದೆಷ್ಟು ಜನ ಅದರ ಮುಂದೆಯೇ ಓಡಾಡುತ್ತೀರೋ! ಜೇನುಮೇಣದ ವಿಷಯವೂ ಅಲ್ಲೇ ಕೇಳಿ ತಿಳಿಯಿರಿ, ನನಗೆ ಈಗ ಸಮಯವಿಲ್ಲ.

ಎರಡು ಮಾತು ಬೇಗ ಬೇಗ ಹೇಳಿಬಿಡುತ್ತೇನೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ. ಅಜ್ಜಿಯಂದಿರು ಬೇಸರ ಮಾಡಿಕೊಳ್ಳಬಾರದು, ಒಂದು ವರ್ಷ ಆಗುವವರೆಗೆ ಬೇಡವೇ ಬೇಡ. ಮತ್ತೆ, ನಿಮ್ಮ ಸೊಸೈಟಿಯ ನೀರಿನ ಟಾಕಿಯ ಕೆಳಗೆ, ಬಾಲ್ಕನಿಯ ಅಡಿಗೆ ದೊಡ್ಡ ಹುಟ್ಟು ಕಟ್ಟುತ್ತವಲ್ಲ, ಅವು ಹೆಜ್ಜೇನು. ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ವಾಚ್‌ಮನ್ ಕೈಲಿ ಬೆಂಕಿ ಹಚ್ಚಿಸಬೇಡಿ, ಔಷಧ ಹೊಡೆಸಬೇಡಿ. ಆ ಬದಿಯ ದೀಪ ರಾತ್ರಿ ಆರಿಸಿ, ಮಕ್ಕಳು ಕಲ್ಲು ಹೊಡೆಯದಂತೆ ನೋಡಿಕೊಳ್ಳಿ. ಹೂವಿನ ಕಾಲ ಮುಗಿದ ಮೇಲೆ ತಾವೇ ಎದ್ದು ಹೋಗುತ್ತವೆ. ಅಷ್ಟು ದಿನ ತಡೆಯಲು ಆಗುವುದೇ ಇಲ್ಲವೆಂದರೆ ಹುಟ್ಟು ಇಳಿಸುವುದು ಗೊತ್ತಿರುವವರನ್ನು ಕರೆಯಿರಿ. ಅವರು ಇಳಿಸಿದ ತುಪ್ಪ ನಿಮಗೂ ಒಂದು ಬಟ್ಟಲು ಕೊಟ್ಟರೆ, ಏನು ಕೇಳಬೇಕು ಎಂದು ಗೊತ್ತಲ್ಲ? ನಮಸ್ಕಾರ.