ಡ್ರಂಕ್ ಅಂಡ್ ಡ್ರೈವ್ ಕೇಸು: ಒಪ್ಪಿಕೊಳ್ಳುವ ಮುಂಚೆ ಕಾಗದ ಓದಿ

(ತುಮಕೂರಿನಲ್ಲಿ ವಾಹನ ಚಾಲಕರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಲಾರಿ, ಟೆಂಪೋ, ಕ್ಯಾಬ್ ಓಡಿಸುವವರೇ ಹೆಚ್ಚು. ಕುಡಿದು ಸ್ಟೇರಿಂಗ್ ಹಿಡಿಯಬಾರದು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಬೇಕಾದ್ದು ಕೇಸು ಬಿದ್ದ ಮೇಲಿನ ಮಾತು. ಒಂದು ಕಾಗದವನ್ನೂ ನೋಡದೆ "ತಪ್ಪಾಯ್ತು ಸ್ವಾಮಿ, ದಂಡ ಕಟ್ತೀನಿ" ಎಂದು ಒಪ್ಪಿಕೊಂಡು ಬರುವವರೇ ಜಾಸ್ತಿ. ಡಿಎಲ್ ನಂಬಿ ಬದುಕುವವರಿಗೆ ಆ ಒಂದು ಮಾತು ಬಹಳ ದುಬಾರಿ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಕೇಸು ನಿಲ್ಲಬೇಕಾದರೆ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿರಬೇಕು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಜೈಲು ಎರಡು ವರ್ಷದವರೆಗೆ, ದಂಡ 15,000. ಶಿಕ್ಷೆಯಾದರೆ ಡಿಎಲ್ ಅಮಾನತು ಮಾಡುವ ಅಧಿಕಾರವೂ ಕೋರ್ಟಿಗಿದೆ. 200ನೇ ಕಲಮಿನ ರಾಜಿ ಪಟ್ಟಿಯಲ್ಲಿ, ಅಂದರೆ ಕೋರ್ಟಿಗೆ ಹೋಗದೆ ದುಡ್ಡು ಕಟ್ಟಿ ಮುಗಿಸಬಹುದಾದ ತಪ್ಪುಗಳ ಪಟ್ಟಿಯಲ್ಲಿ, 185 ಇಲ್ಲ. ಹಾಗಾಗಿ ರಸ್ತೆಯಲ್ಲಿ ಯಾರ ಕೈಗೆ ದುಡ್ಡು ಕೊಟ್ಟರೂ ಈ ಕೇಸು ಮುಗಿಯುವುದಿಲ್ಲ. 2023ರಲ್ಲಿ ಇ-ಚಲನ್ ದಂಡದ ಬಾಕಿಗೆ ಅರ್ಧ ರಿಯಾಯಿತಿ ಕೊಟ್ಟದ್ದನ್ನು ನೆನೆದು, ಈ ಕೇಸಿಗೂ ಹಾಗೆ ಸಿಗುತ್ತದೆ ಎಂದು ಕಾಯುತ್ತಾ ಕೂರಬೇಡಿ.

ಲಾರಿಯವರು ಇದನ್ನು ಗಮನಿಸಿ. ಕಲಂ ಹೇಳುವುದು "ಓಡಿಸುವಾಗ ಅಥವಾ ಓಡಿಸಲು ಯತ್ನಿಸುವಾಗ" ಎಂದು. ಶಿರಾ ಕಡೆ ಡಾಬಾ ಪಕ್ಕ ಗಾಡಿ ಹಾಕಿ, ಊಟ ಮಾಡಿ, ಕ್ಯಾಬಿನ್ನಿನಲ್ಲಿ ಮಲಗಿದ್ದವನು ಓಡಿಸುತ್ತಿದ್ದ ಎಂದು ಸರ್ಕಾರವೇ ಸಾಬೀತು ಮಾಡಬೇಕು. ಡಾಬಾ ಬಿಲ್ಲು, ಫಾಸ್ಟ್ಯಾಗ್ ಮೆಸೇಜು, ಜಿಪಿಎಸ್ ದಾಖಲೆ ಇಂಥ ಕಡೆ ಕೆಲಸಕ್ಕೆ ಬರುತ್ತವೆ, ಅಳಿಸಬೇಡಿ.

ಇನ್ನು ಊದಿಸುವ ಯಂತ್ರ. ಅದು ರಕ್ತವನ್ನು ಅಳೆಯುವುದಿಲ್ಲ, ಉಸಿರನ್ನು ಅಳೆದು ರಕ್ತದ ಲೆಕ್ಕಕ್ಕೆ ತರುತ್ತದೆ. ಬಾಯಲ್ಲೇ ಮದ್ಯಸಾರ ಉಳಿದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೌತ್‌ವಾಶ್, ಮದ್ಯಸಾರ ಬೆರೆತ ಟಾನಿಕ್ಕು, ಹೋಮಿಯೋಪತಿ ಹನಿ, ಆಗಷ್ಟೇ ಬಂದ ತೇಗು, ಇವೆಲ್ಲ ಹಾಗೆ ಮಾಡಬಲ್ಲವು. ಹದಿನೈದಿಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಊದಿದರೆ ಬಾಯಿಯ ಮದ್ಯಸಾರ ಇಳಿದಿರುತ್ತದೆ. ಅದಕ್ಕೇ ಎರಡನೇ ಸಲ ಊದಿಸಿ ಎಂದು ಅಲ್ಲೇ, ಮರ್ಯಾದೆಯಿಂದ ಕೇಳಿ. ಹೊಸ ಕೊಳವೆಯನ್ನೂ ಕೇಳಿ. ಊದುವುದೇ ಇಲ್ಲ ಎಂದು ಹಟ ಹಿಡಿದರೆ 205ನೇ ಕಲಂ ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧ ನಿಲ್ಲಿಸುತ್ತದೆ.

ಯಂತ್ರದಿಂದ ಬರುವ ಚೀಟಿಯ ಫೋಟೋ ಆವತ್ತೇ ತೆಗೆದಿಡಿ. ಅದು ಬಸ್ ಟಿಕೆಟ್ಟಿನಂಥ ಥರ್ಮಲ್ ಕಾಗದ, ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಅಕ್ಷರ ಮಾಸಿ ಬೆಳ್ಳಗಾಗಿರುತ್ತದೆ. ಚೀಟಿಯಲ್ಲಿ ನೋಡಬೇಕಾದ್ದು ಸಮಯ, ಯಂತ್ರದ ಕ್ರಮಸಂಖ್ಯೆ, ಅಂಕಿ, ಅದರ ಅಳತೆಯ ಮಾನ (ಯೂನಿಟ್). ಗಾಡಿ ತಡೆದ ಸಮಯ, ಊದಿಸಿದ ಸಮಯ, ವರದಿ ಬರೆದ ಸಮಯ ಒಂದಕ್ಕೊಂದು ಹೊಂದಬೇಕು. ಯಂತ್ರದ ಕ್ಯಾಲಿಬ್ರೇಷನ್ ಪ್ರಮಾಣಪತ್ರ, ಅಂದರೆ ಅದು ಸರಿಯಾಗಿ ಅಳೆಯುತ್ತದೆ ಎಂದು ಪರೀಕ್ಷಿಸಿ ಕೊಟ್ಟ ಪತ್ರ, ಅದೇ ಕ್ರಮಸಂಖ್ಯೆಯದ್ದಾಗಿರಬೇಕು, ಊದಿಸಿದ ದಿನ ಅದರ ಅವಧಿ ಚಾಲ್ತಿಯಲ್ಲಿರಬೇಕು. ಪಾಟಿ ಸವಾಲಿನಲ್ಲಿ, ಅಂದರೆ ಸರ್ಕಾರದ ಸಾಕ್ಷಿಯನ್ನು ನಿಮ್ಮ ವಕೀಲರು ಪ್ರಶ್ನಿಸುವಾಗ, ಕೇಸು ಅಲುಗಾಡುವುದು ಬಹಳ ಸಲ ಇಲ್ಲೇ.

ದಸ್ತಗಿರಿ ಮಾಡಿದ್ದರೆ 202ನೇ ಕಲಂ ಪ್ರಕಾರ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ರಕ್ತ ತೆಗೆದಿದ್ದರೆ ಚರ್ಮ ಒರೆಸಿದ್ದು ಸ್ಪಿರಿಟ್ಟಿನಿಂದಲೋ ಬೇರೆಯದರಿಂದಲೋ ಎಂದು ವೈದ್ಯರನ್ನು ಕೇಳಲೇಬೇಕು. ಆ ಸ್ಪಿರಿಟ್ಟೂ ಮದ್ಯಸಾರವೇ. ರಕ್ತ ಹೋಗಬೇಕಾದ್ದು ಸೋಡಿಯಂ ಫ್ಲೋರೈಡ್ ಇರುವ, ಸಾಮಾನ್ಯವಾಗಿ ಬೂದು ಮುಚ್ಚಳದ ಟ್ಯೂಬಿಗೆ. ಸಂರಕ್ಷಕ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ರಕ್ತದ ಸಕ್ಕರೆ ಹುಳಿತು ಹೊಸದಾಗಿ ಮದ್ಯಸಾರ ಹುಟ್ಟಬಹುದು. ಸೀಲು ಯಾರು ಹಾಕಿದರು, ಎಷ್ಟು ದಿನ ಠಾಣೆಯಲ್ಲಿತ್ತು, ಫ್ರಿಜ್ಜಿನಲ್ಲಿತ್ತೇ, ಪ್ರಯೋಗಾಲಯಕ್ಕೆ ತಲುಪಿದ್ದು ಯಾವಾಗ, ಇದೆಲ್ಲ ದಾಖಲೆಯಲ್ಲಿರಬೇಕು.

ಸಮನ್ಸ್ ಬಂದ ಮೇಲೆ ವಕೀಲರಿಂದ ವಕಾಲತ್ತು ಹಾಕಿಸಿ, ದೋಷಾರೋಪ ಪಟ್ಟಿ ಮತ್ತು ದಾಖಲೆಗಳ ನಕಲು ಕೇಳಿ. ಪೊಲೀಸ್ ವರದಿಯ ಮೇಲೆ ನಡೆಯುವ ಕೇಸಿನಲ್ಲಿ ಅದು ಉಚಿತ. ಮ್ಯಾಜಿಸ್ಟ್ರೇಟರು ಆರೋಪದ ಸಾರಾಂಶ ಓದಿ "ಒಪ್ಪುತ್ತೀರಾ?" ಎಂದು ಕೇಳುತ್ತಾರೆ. ಕಾಗದ ಓದಿಲ್ಲದಿದ್ದರೆ "ಒಪ್ಪುವುದಿಲ್ಲ, ವಿಚಾರಣೆ ಬೇಕು" ಎನ್ನಿ. ಅದು ಕೋರ್ಟಿಗೆ ಎದುರುತ್ತರವಲ್ಲ, ನಿಮ್ಮ ಹಕ್ಕು. ಒಮ್ಮೆ ಒಪ್ಪಿಕೊಂಡರೆ ಶಿಕ್ಷೆಯ ಪ್ರಮಾಣ ಅಥವಾ ಕ್ರಮಬದ್ಧತೆಯ ಬಗ್ಗೆ ಬಿಟ್ಟು ಮೇಲ್ಮನವಿಗೆ ದಾರಿ ಇರುವುದಿಲ್ಲ. ವಾಯಿದೆಗೆ ಬರಲಾಗದಿದ್ದರೆ ಮುಂಚೆಯೇ ವಿನಾಯಿತಿ ಅರ್ಜಿ ಹಾಕಿಸಿ, ಇಲ್ಲದಿದ್ದರೆ ವಾರಂಟ್ ಹೊರಡುತ್ತದೆ.

ಅಂಕಿ 110 ಇದ್ದು, ಕಾಗದವೆಲ್ಲ ನೆಟ್ಟಗಿದ್ದರೆ ವರ್ಷಗಟ್ಟಲೆ ಓಡಾಡುವುದರಲ್ಲಿ ಅರ್ಥವಿಲ್ಲ. ಆಗ ವಾದ ಶಿಕ್ಷೆಯ ಮೇಲಿರಲಿ: ಇದು ಮೊದಲ ಸಲ, ಅಪಘಾತ ಆಗಿಲ್ಲ, ಮನೆ ನಡೆಯುವುದು ಡಿಎಲ್ ಮೇಲೆ ಎಂದು ಹೇಳಿ ಜೈಲಿನ ಬದಲು ದಂಡ ಕೇಳಬಹುದು. ವಿಚಾರಣೆ ನಡೆದು ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ, ಆದೇಶದ ನಕಲಿಗೆ ತೀರ್ಪಿನ ದಿನವೇ ಅರ್ಜಿ ಕೊಡಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.