ಜಡಿಮಳೆಯಲ್ಲಿ ಟೊಮೇಟೊ: ಗಿಡದ ಆರೈಕೆ, ಕಾಯಿಯ ಬಳಕೆ

ಎಲ್ಲರಿಗೂ ನಮಸ್ಕಾರ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯವರಿಗೆ ಟೊಮೇಟೊ ಬೆಳೆಯುವುದನ್ನು ಹೇಳಿಕೊಡಬೇಕಾಗಿಲ್ಲ. ಇವತ್ತಿನ ಮಾತು ಇಷ್ಟೇ: ಮೋಡ ಕವಿದು ಮಳೆ ಬಿಡದೆ ಹಿಡಿದಾಗ ಗಿಡ ಉಳಿಸಿಕೊಳ್ಳುವುದು ಹೇಗೆ, ಗಿಡ ಕೈಬಿಟ್ಟರೂ ಕಾಯಿ ದಕ್ಕಿಸಿಕೊಳ್ಳುವುದು ಹೇಗೆ.

ಮಳೆಗಿಂತ ಹೆಚ್ಚು ಕೆಡಿಸುವುದು ಎಲೆಯ ಮೇಲೆ ನಿಲ್ಲುವ ತೇವ. 15ರಿಂದ 22 ಡಿಗ್ರಿಯ ತಂಪಿನಲ್ಲಿ ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಎಲೆ, ಕಾಯಿ ಕೊಳೆಸುವ ಅಂಗಮಾರಿ ರೋಗಕ್ಕೆ ಅದೇ ಹಬ್ಬ. ಬೆಳಿಗ್ಗೆ ಎಲೆ ಮಗುಚಿ ನೋಡಿ. ನೀರು ಹೀರಿದಂಥ ಕಂದು ಮಚ್ಚೆ, ಅದರ ಅಂಚಿನಲ್ಲಿ ತೆಳು ಬಿಳಿ ಬೂಷ್ಟು ಕಂಡರೆ ಅಂಗಮಾರಿಯೇ. ಆದ್ದರಿಂದ ಏರುಮಡಿಯಲ್ಲಿ ನಾಟಿ ಮಾಡಿ, ಕಡ್ಡಿ ನೆಟ್ಟು ದಾರ ಕಟ್ಟಿ. ನೆಲದಿಂದ ಒಂದು ಅಡಿಯವರೆಗಿನ ಎಲೆ ತೆಗೆದುಬಿಡಿ. ಗಾಳಿ ಆಡುತ್ತದೆ, ಮಣ್ಣು ಎಲೆಗೆ ಸಿಡಿಯುವುದಿಲ್ಲ. ರೋಗ ಕಾಣುವ ಮೊದಲೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ರೋಗ ತಡೆಯುವ ಔಷಧ ಬೆರೆಸಿ, ಅದು ಎಲೆಗೆ ಹಿಡಿಯುವಂತೆ ಅಂಟು ದ್ರಾವಣ ಸೇರಿಸಿ ಸಿಂಪಡಿಸಿ. ಸಿಂಪಡಿಸಿದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಅದನ್ನು ದಯವಿಟ್ಟು ಮೀರಬೇಡಿ, ಆ ಕಾಯಿ ತಿನ್ನುವುದು ಮಕ್ಕಳೂ ಹೌದು.

ತಳಿಯ ವಿಷಯದಲ್ಲಿ ಒಂದು ಎಚ್ಚರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಎಂಬ ಮೂರು ರೋಗವನ್ನೂ ತಾಳುತ್ತದೆ. ಆದರೆ ಮೇಲೆ ಹೇಳಿದ, ಮಳೆ ಚಳಿಯಲ್ಲಿ ಬರುವ ಕೊನೆ ಅಂಗಮಾರಿ ಬೇರೆಯೇ ರೋಗ. ಅದಕ್ಕೂ ತಡೆಯಿರುವುದು ಅದೇ ಸಂಸ್ಥೆಯ ಅರ್ಕಾ ಅಭೇದ್‌ ತಳಿಯಲ್ಲಿ.

ಇನ್ನು ಕೊಯ್ಲು. ಜೋರು ಮಳೆ ಬರುವ ಸೂಚನೆಯಿದ್ದರೆ ಕೆಂಪಾಗಲೆಂದು ಕಾಯುವುದು ನಷ್ಟದ ದಾರಿ. ಬೇರು ಒಮ್ಮೆಲೇ ನೀರು ಎಳೆದುಕೊಂಡು ಹಣ್ಣು ಬಿರಿಯುತ್ತದೆ. ಒಂದು ಕಾಯಿ ಅಡ್ಡ ಕೊಯ್ದು ನೋಡಿ: ಬೀಜದ ಸುತ್ತ ಲೋಳೆ ಕಟ್ಟಿ, ಚಾಕುವಿಗೆ ಬೀಜ ತುಂಡಾಗದೆ ಜಾರಿದರೆ ಅದು ಬಲಿತ ಕಾಯಿ. ಅಂಥದ್ದನ್ನು ಒರೆಸಿ, ಕಾಗದದ ಮೇಲೆ ಒಂದೇ ಪದರವಾಗಿ ಹರಡಿ, ನಡುವೆ ಮಾಗಿದ ಬಾಳೆಹಣ್ಣಿಡಿ. 20ರಿಂದ 25 ಡಿಗ್ರಿಯಲ್ಲಿ ಒಂದೆರಡು ವಾರದೊಳಗೆ ಬಣ್ಣ ತಿರುಗುತ್ತದೆ. ಬಿಸಿಲು ಬೇಕಿಲ್ಲ, 30 ಡಿಗ್ರಿ ದಾಟಿದರೆ ಕೆಂಪು ಬರದೆ ಹಳದಿಯಲ್ಲೇ ನಿಲ್ಲುತ್ತದೆ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ. ರೋಗದ ಗಿಡದಿಂದ ಕಿತ್ತದ್ದನ್ನು ಬೇರೆಯಾಗಿಟ್ಟು ದಿನವೂ ನೋಡಿ, ಕಂದು ಮಚ್ಚೆ ಬಂದದ್ದನ್ನು ಆಗಲೇ ತೆಗೆಯಿರಿ.

ಬೀಜ ತುಂಡಾಗುವ ಎಳೆಗಾಯಿ ಚೆನ್ನಾಗಿ ಹಣ್ಣಾಗುವುದಿಲ್ಲ, ಕಹಿಯೂ ಹೆಚ್ಚು. ಚಟ್ನಿಗೂ ಬಲಿತ ಹಸಿರು ಕಾಯಿಯೇ ಸರಿ. ಅರ್ಧ ಕೆಜಿ ಕಾಯಿ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಆರೆಂಟು ಹಸಿಮೆಣಸಿನಕಾಯಿಯೊಂದಿಗೆ ಬಾಡಿಸಿ. ಮುಚ್ಚಳ ಹಾಕಿದರೆ ನೀರು ಬಿಟ್ಟು ಚಟ್ನಿ ತೆಳ್ಳಗಾಗುತ್ತದೆ. ಹುಣಸೆಹಣ್ಣು ಬೇಡ, ಹುಳಿ ಕಾಯಲ್ಲೇ ಇದೆ. ಹುರಿದ ಕಡಲೆಬೀಜ ಒಂದು ಹಿಡಿ, ಗೋಲಿಯಷ್ಟು ಬೆಲ್ಲ, ಉಪ್ಪು ಸೇರಿಸಿ, ಆರಿದ ಮೇಲೆ ನೀರು ಹಾಕದೆ ತರಿತರಿಯಾಗಿ ರುಬ್ಬಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಿ. ಒಣ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ರೊಟ್ಟಿಗೂ ಮುದ್ದೆಗೂ ಆಗುತ್ತದೆ.